ಆಫೀಸಿನ ಕಿರುಕುಳ ಮೈಗೆ ಇಳಿಯುವುದು ಹೇಗೆ?

2023ರ ಜೂನ್‌ನಲ್ಲಿ ಒಂದು ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ಖಾಸಗಿ ಬ್ಯಾಂಕೊಂದರ ಅಧಿಕಾರಿ ಆನ್‌ಲೈನ್ ಮೀಟಿಂಗಿನಲ್ಲಿ ಕೈಕೆಳಗಿನವರ ಮೇಲೆ ಬಾಯಿಗೆ ಬಂದಂತೆ ಕೂಗಾಡುತ್ತಿದ್ದರು. ಉಳಿದವರು ತಲೆ ತಗ್ಗಿಸಿ ಕೂತಿದ್ದರು. ಬ್ಯಾಂಕು ಆ ಅಧಿಕಾರಿಯನ್ನು ಸಸ್ಪೆಂಡ್ ಮಾಡಿತು. ಮರುವರ್ಷ ಬೇರೆ ಬ್ಯಾಂಕುಗಳಿಂದಲೂ ಅಂಥದ್ದೇ ವಿಡಿಯೊಗಳು ಹೊರಬಂದವು.

ಮಂಗಳೂರು, ಉಡುಪಿ ಕಡೆಯವರಿಗೆ ಇದು ಎಲ್ಲೋ ದೂರದ ಸುದ್ದಿ ಅನಿಸಲಿಲ್ಲ. 1906ರಿಂದ 1931ರೊಳಗೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ್ದು ಈ ಎರಡು ಊರುಗಳಲ್ಲಿ. ಇಲ್ಲಿ ಯಾವ ಕುಟುಂಬದಲ್ಲಿ ಕೇಳಿದರೂ ಬ್ಯಾಂಕಿನಲ್ಲೋ ಆಡಿಟರ್ ಆಫೀಸಿನಲ್ಲೋ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲೋ ಐಟಿ ಕಂಪನಿಯಲ್ಲೋ ಕೆಲಸ ಮಾಡುವವರು ಒಬ್ಬರಾದರೂ ಸಿಗುತ್ತಾರೆ. ಆ ವಿಡಿಯೊ ನೋಡಿ "ನಮ್ಮಲ್ಲಿಯೂ ಹೀಗೇ" ಎಂದವರು ಎಷ್ಟೋ ಮಂದಿ. "ಬೈದರೆ ಎಂತ ಆಯ್ತು, ತಿಂಗಳಾದರೆ ಸಂಬಳ ಬರ್ತದಲ್ಲ" ಎಂದ ಹಿರಿಯರೂ ಇದ್ದಾರೆ.

ಬೈದರೆ ಏನಾಗುತ್ತದೆ? ಈ ಪ್ರಶ್ನೆಗೆ ನಾಲ್ಕು ದಶಕಗಳ ಸಂಶೋಧನೆಯಲ್ಲಿ ಉತ್ತರ ಇದೆ. ಅದನ್ನು ಬುಡದಿಂದ ನೋಡೋಣ.

ಯಾವುದು ಕಿರುಕುಳ, ಯಾವುದು ಅಲ್ಲ

ಕೆಲಸದ ಜಾಗದ ಕಿರುಕುಳವನ್ನು ಮೊದಲು ಗಂಭೀರವಾಗಿ ಅಧ್ಯಯನ ಮಾಡಿದವರಲ್ಲಿ ಹೈಂಜ್ ಲೇಮನ್ ಮುಖ್ಯರು. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. ಅವರು ಒಂದು ಅಳತೆ ಹಾಕಿಕೊಂಡರು: ವಾರಕ್ಕೆ ಒಂದು ಸಲವಾದರೂ ನಡೆಯಬೇಕು, ಕಡಿಮೆಯೆಂದರೆ ಆರು ತಿಂಗಳು ಮುಂದುವರಿಯಬೇಕು. ಇದರ ಜೊತೆಗೆ ಇನ್ನೊಂದು ಅಂಶ ಸೇರಿಕೊಂಡಿತು. ಕಿರುಕುಳಕ್ಕೆ ಒಳಗಾದವರು ತಿರುಗಿ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಇಬ್ಬರು ಸಮಾನರು ಜಗಳ ಆಡಿದರೆ ಅದು ಜಗಳ ಅಷ್ಟೆ. ಒಬ್ಬರ ಕೈಯಲ್ಲಿ ಇನ್ನೊಬ್ಬರ ರಜೆ, ಅಪ್ರೈಸಲ್, ಟ್ರಾನ್ಸ್‌ಫರ್ ಎಲ್ಲ ಇದ್ದಾಗ ಲೆಕ್ಕ ಬೇರೆ.

ಆರು ತಿಂಗಳು ಎಂಬುದು ಸಂಶೋಧಕರು ಎಣಿಸಲು ಇಟ್ಟುಕೊಂಡ ಗೆರೆ. ಐದು ತಿಂಗಳು ಅನುಭವಿಸಿದವರಿಗೆ ಏನೂ ಆಗಿಲ್ಲ ಎಂದು ಅರ್ಥವಲ್ಲ.

ಹಾಗಾದರೆ ಬಾಸ್ ಸಿಟ್ಟಾದರೆಲ್ಲ ಕಿರುಕುಳವಾ? ಖಂಡಿತ ಅಲ್ಲ. ಜಿಎಸ್‌ಟಿ ರಿಟರ್ನ್ 20ನೇ ತಾರೀಖಿಗೆ ಹೋಗಬೇಕಿತ್ತು, ಹೋಗಲಿಲ್ಲ, ಕಕ್ಷಿದಾರರಿಗೆ ದಂಡ ಬಿತ್ತು ಎಂದುಕೊಳ್ಳಿ. ಯಾರಿಂದ ತಡವಾಯಿತೋ ಅವರನ್ನು ಒಳಗೆ ಕರೆದು ಗಟ್ಟಿಯಾಗಿಯೇ ಕೇಳುವುದು ಮೇಲಿನವರ ಕೆಲಸ. ಮಾತು ಆ ತಪ್ಪಿನ ಬಗ್ಗೆ ಇದ್ದು, ಮುಂದೆ ಹೇಗೆ ಸರಿಮಾಡಬೇಕು ಎಂದು ಹೇಳಿ, ಅದೇ ತಪ್ಪಿಗೆ ಎಲ್ಲರಿಗೂ ಅದೇ ನಿಯಮ ಇದ್ದರೆ ಅದು ಶಿಸ್ತು. ಬೇಜಾರಾಗುತ್ತದೆ, ನಿಜ. ಆದರೆ ಎರಡು ದಿನದಲ್ಲಿ ಮರೆತುಹೋಗುತ್ತದೆ.

ಇನ್ನೊಂದು ಸಂದರ್ಭ ನೋಡಿ. ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಆಫೀಸು ಎಂದು ಊಹಿಸಿಕೊಳ್ಳೋಣ. ಅಕೌಂಟ್ಸ್ ವಿಭಾಗದ ಹುಡುಗಿ ಬಿ.ಸಿ. ರೋಡಿನಿಂದ ಬಸ್ಸಿನಲ್ಲಿ ಬರುತ್ತಾಳೆ. ಮನೆಯ ದೈವದ ನೇಮಕ್ಕೆ ಒಂದು ದಿನ ರಜೆ ಕೇಳಿದ್ದಾಳೆ. ಮೇಲಿನವರು ಅರ್ಜಿ ನೋಡಿ ಏನೂ ಹೇಳದೆ ಪಕ್ಕಕ್ಕೆ ಇಡುತ್ತಾರೆ. ಅದೇ ವಾರ ಪಕ್ಕದ ಸೀಟಿನವರಿಗೆ ಮದುವೆಗೆಂದು ಎರಡು ದಿನ ರಜೆ ಸಿಗುತ್ತದೆ. ಮರುದಿನ ಬೆಳಗ್ಗೆ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಾಲು: "ಕೆಲವರಿಗೆ ಸಂಬಳ ಮಾತ್ರ ಬೇಕು, ಕೆಲಸ ಬೇಡ." ಹೆಸರಿಲ್ಲ. ಯಾರಿಗೆ ಎಂದು ಹನ್ನೆರಡು ಮಂದಿಗೂ ಗೊತ್ತು. ನಾಲ್ಕು ಹೆಬ್ಬೆರಳಿನ ಇಮೋಜಿ ಬೀಳುತ್ತವೆ. ಮಧ್ಯಾಹ್ನ ಊಟದ ಮೇಜಿಗೆ ಅವಳು ಹೋದಾಗ ಮಾತು ನಿಲ್ಲುತ್ತದೆ. ಸಂಜೆ ಐದಕ್ಕೆ ಒಂದು ಫೈಲು ಬರುತ್ತದೆ, ಇವತ್ತೇ ಮುಗಿಯಬೇಕು. ಅದಕ್ಕೆ ಬೇಕಾದ ಮಾಹಿತಿ ಇರುವ ಮೇಲ್‌ನಲ್ಲಿ ಅವಳ ಹೆಸರನ್ನು ಸೇರಿಸಿಯೇ ಇಲ್ಲ.

ಇಲ್ಲಿ ಯಾರೂ ಕೂಗಲಿಲ್ಲ. ಕೆಟ್ಟ ಮಾತು ಆಡಲಿಲ್ಲ. ಒಂದೊಂದನ್ನೇ ಬಿಡಿಯಾಗಿ ಹೇಳಿದರೆ "ಇಷ್ಟಕ್ಕೆಲ್ಲ ಯಾಕೆ ತಲೆಕೆಡಿಸಿಕೊಳ್ತೀ" ಎನ್ನುತ್ತಾರೆ. ಇದೇ ಪ್ರತಿ ವಾರ, ಅದೇ ಒಬ್ಬಳಿಗೆ ನಡೆದರೆ ಕಿರುಕುಳ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ಸ್ಟೋಲೆ ಐನಾರ್ಸನ್ ಮತ್ತು ಸಂಗಡಿಗರು ರೂಪಿಸಿದ 22 ಪ್ರಶ್ನೆಗಳ ಪಟ್ಟಿಯೊಂದನ್ನು ಜಗತ್ತಿನ ಹಲವೆಡೆ ಬಳಸುತ್ತಾರೆ. ಅದರ ಮೊದಲ ಪ್ರಶ್ನೆಯೇ, ನಿಮ್ಮ ಕೆಲಸಕ್ಕೆ ಬೇಕಾದ ಮಾಹಿತಿಯನ್ನು ಯಾರಾದರೂ ಮುಚ್ಚಿಡುತ್ತಾರಾ ಎಂಬುದು. ಹೊಡೆತ, ಬೆದರಿಕೆಯ ಪ್ರಶ್ನೆಗಳೂ ಇವೆ, ಆದರೆ ಜಾಸ್ತಿ ಇರುವುದು ಇಂಥ ಸದ್ದಿಲ್ಲದವೇ. ಮೂಲೆಗುಂಪು ಮಾಡುವುದು, ಗಾಳಿಮಾತು ಹಬ್ಬಿಸುವುದು, ಮುಗಿಸಲಾಗದ ಗಡುವು ಕೊಡುವುದು, ಹಳೆಯ ತಪ್ಪನ್ನು ಮತ್ತೆ ಮತ್ತೆ ಎತ್ತಿ ಆಡುವುದು.

ಎಷ್ಟು ಮಂದಿಗೆ ಹೀಗಾಗುತ್ತದೆ? ಎಣಿಸುವುದು ಸುಲಭವಲ್ಲ. 2010ರಲ್ಲಿ ನಾರ್ವೆಯ ಸಂಶೋಧಕರು ಬೇರೆ ಬೇರೆ ಸಮೀಕ್ಷೆಗಳ 102 ಅಂದಾಜುಗಳನ್ನು ಒಟ್ಟು ಹಾಕಿ ನೋಡಿದರು. "ನಿಮಗೆ ಕಿರುಕುಳ ಆಗಿದೆಯಾ" ಎಂದು ಬರೀ ಕೇಳಿದರೆ ಸುಮಾರು 18 ಶೇಕಡಾ ಮಂದಿ ಹೌದು ಎಂದಿದ್ದರು. ಕಿರುಕುಳ ಎಂದರೆ ಇದು ಎಂದು ವಿವರಿಸಿ ಕೇಳಿದಾಗ ಅದು ಸುಮಾರು 11ಕ್ಕೆ ಇಳಿದಿತ್ತು. ಬಿಗಿಯಾದ ಲೆಕ್ಕ ಹಿಡಿದರೂ ಹತ್ತು ಜನರ ಆಫೀಸಿಗೆ ಒಬ್ಬರು ಬಂತು.

ಸ್ಟ್ರೆಸ್ ಎಂದರೆ ಮೈಯೊಳಗೆ ಏನು ನಡೆಯುತ್ತದೆ

ಸ್ಟ್ರೆಸ್ ಎಂಬುದು ಬರೀ ಮನಸ್ಸಿನ ಮಾತಲ್ಲ, ಮೈಯಲ್ಲಿ ನಡೆಯುವ ಕೆಲಸ. ಅಪಾಯ ಕಂಡ ಕೂಡಲೇ ಮೆದುಳು ಸಂದೇಶ ಕಳಿಸುತ್ತದೆ. ಕಿಡ್ನಿಗಳ ಮೇಲೆ ಟೊಪ್ಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ, ಉಸಿರು ಜೋರಾಗುತ್ತದೆ. ಕೆಲವು ನಿಮಿಷಗಳಲ್ಲಿ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನ್ ಏರುತ್ತದೆ. ಅದು ರಕ್ತಕ್ಕೆ ಸಕ್ಕರೆ ಬಿಡುಗಡೆ ಮಾಡಿಸಿ ಮೈಗೆ ಶಕ್ತಿ ಒದಗಿಸುತ್ತದೆ. ಜೀರ್ಣದಂಥ, ಆ ಹೊತ್ತಿಗೆ ತುರ್ತಿಲ್ಲದ ಕೆಲಸಗಳು ಹಿಂದೆ ಸರಿಯುತ್ತವೆ.

ಈ ವ್ಯವಸ್ಥೆ ಕೆಟ್ಟದ್ದಲ್ಲ. ರಸ್ತೆ ದಾಟುವಾಗ ಬಸ್ಸು ನುಗ್ಗಿ ಬಂದರೆ ನಿಮ್ಮನ್ನು ಹಿಂದಕ್ಕೆ ಎಳೆಯುವುದು ಇದೇ. ಅಪಾಯ ಕಳೆದ ಮೇಲೆ ಎಲ್ಲವೂ ಇಳಿದು ಮೊದಲಿನ ಸ್ಥಿತಿಗೆ ಬರಬೇಕು. ಬಾವಿಯ ಪಂಪು ಇದ್ದ ಹಾಗೆ. ಟ್ಯಾಂಕಿ ತುಂಬುವವರೆಗೆ ಓಡಿ ನಿಂತರೆ ಪಂಪು ವರ್ಷಗಟ್ಟಲೆ ಬಾಳುತ್ತದೆ. ಆಫ್ ಮಾಡುವವರೇ ಇಲ್ಲದೆ ಹಗಲು ರಾತ್ರಿ ಓಡಿದರೆ ಮೋಟಾರಿನ ಕಾಯಿಲ್ ಸುಟ್ಟುಹೋಗುತ್ತದೆ. ತುಂಬ ದಿನ ಇಳಿಯದೆ ಉಳಿದ ಸ್ಟ್ರೆಸ್‌ನಿಂದ ಮೈ ಸವೆಯುವುದು ಹೀಗೇ. ನಿದ್ದೆ ಬಾರದಿರುವುದು, ತಲೆನೋವು, ಭುಜ ಕತ್ತಿನ ಬಿಗಿತ, ಹೊಟ್ಟೆ ಕೆಡುವುದು, ಸಣ್ಣ ಮಾತಿಗೆ ಸಿಡುಕು, ಓದಿದ್ದೇ ಸಾಲನ್ನು ಮೂರು ಸಲ ಓದಬೇಕಾಗುವುದು. ಬಿಪಿ ಏರಿದರೆ ಅದು ಹೊರಗೆ ಕಾಣುವುದೂ ಇಲ್ಲ.

ಕೆಲಸದ ಹೊರೆಗಿಂತ ಅವಮಾನ ಯಾಕೆ ಜಾಸ್ತಿ ತಟ್ಟುತ್ತದೆ

ಇಡೀ ವಿಷಯದ ತಿರುಳು ಇಲ್ಲಿದೆ ಎಂದು ನನಗೆ ಅನಿಸುತ್ತದೆ. ಮಾರ್ಚ್ ಕೊನೆಗೆ ಬ್ಯಾಂಕಿನಲ್ಲೂ ಆಡಿಟ್ ಆಫೀಸಿನಲ್ಲೂ ರಾತ್ರಿ ಹತ್ತರವರೆಗೆ ಕೂತು ಕೆಲಸ ಮಾಡುತ್ತಾರೆ. ಸುಸ್ತಾಗುತ್ತದೆ. ಆದರೆ ಎಲ್ಲರೂ ಒಟ್ಟಿಗೆ ಚಾ ಕುಡಿದು, ಗೋಳಿಬಜೆ ತರಿಸಿ ತಿಂದು, ಮುಗಿದ ಮೇಲೆ ಹಗುರಾಗಿ ಮನೆಗೆ ಹೋಗುತ್ತಾರೆ. ಅದೇ ಮನುಷ್ಯ ಎಲ್ಲರೆದುರು ಕೇಳಿಸಿಕೊಂಡ ಒಂದೇ ಒಂದು ಮಾತಿಗೆ ರಾತ್ರಿಯಿಡೀ ಹೊರಳಾಡುತ್ತಾನೆ. ಯಾಕೆ?

ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಒಂದು ಪರೀಕ್ಷೆ 1993ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯದಲ್ಲಿ ಜನರಿಗೆ ಸ್ಟ್ರೆಸ್ ಬರಿಸಿ ಅಳೆಯಬೇಕು. ಅದಕ್ಕೆ ಅವರು ಕಂಡುಕೊಂಡ ಉಪಾಯ ಬಹಳ ಸರಳ. ಬಂದವರು ಕೆಲವರ ಮುಂದೆ ನಿಂತು ಐದು ನಿಮಿಷ ಮಾತಾಡಬೇಕು, ಕೆಲಸದ ಇಂಟರ್‌ವ್ಯೂ ತರಹ. ಎದುರು ಕೂತವರು ನಗುವುದಿಲ್ಲ, ತಲೆ ಆಡಿಸುವುದಿಲ್ಲ, ಮುಖದಲ್ಲಿ ಏನೂ ತೋರಿಸುವುದಿಲ್ಲ. ಆಮೇಲೆ 1,022ರಿಂದ 13 ಕಳೆಯುತ್ತಾ ಹೋಗಬೇಕು, ಬಾಯಲ್ಲೇ. ತಪ್ಪಿದರೆ ಮತ್ತೆ 1,022ರಿಂದ ಶುರು. ಅಷ್ಟಕ್ಕೇ ಹೆಚ್ಚಿನವರ ಕಾರ್ಟಿಸೋಲ್ ಏರಿಬಿಡುತ್ತದೆ.

2004ರಲ್ಲಿ ಅಮೆರಿಕದ ಇಬ್ಬರು ಸಂಶೋಧಕಿಯರು, ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ, ಇಂಥ 208 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಯಾವ ಥರದ ಕಷ್ಟ ಕಾರ್ಟಿಸೋಲನ್ನು ಜಾಸ್ತಿ ಏರಿಸುತ್ತದೆ? ಕೆಲಸ ಕಠಿಣವಾಗಿದೆ ಎಂಬುದೊಂದೇ ಸಾಲದು. ಎರಡು ಸಂಗತಿ ಜೊತೆಗೂಡಿದಾಗ ಅದು ಎಲ್ಲಕ್ಕಿಂತ ಜಾಸ್ತಿ ಏರುತ್ತಿತ್ತು, ಇಳಿಯಲೂ ತಡವಾಗುತ್ತಿತ್ತು. ಒಂದು, ಬೇರೆಯವರು ನನ್ನನ್ನು ಅಳೆಯುತ್ತಿದ್ದಾರೆ, ನಾನು ಸಣ್ಣವನಾಗುತ್ತೇನೆ ಎಂಬ ಸ್ಥಿತಿ. ಇನ್ನೊಂದು, ನಾನು ಏನು ಮಾಡಿದರೂ ಇದು ಬದಲಾಗುವುದಿಲ್ಲ ಎಂಬ ಸ್ಥಿತಿ.

ಕೊಡಿಯಾಲ್‌ಬೈಲಿನ ಆ ಹುಡುಗಿಗೆ ಇವೆರಡೂ ದಿನಾ ಇವೆ. ಗ್ರೂಪಿನ ಸಾಲು ಎಲ್ಲರೆದುರಿನ ತೀರ್ಪು. ಮಾಹಿತಿ ಕೊಡದೆ ಫೈಲು ಕೊಟ್ಟರೆ ಎಷ್ಟು ದುಡಿದರೂ ತಪ್ಪಾಗುತ್ತದೆ. ಟ್ರಿಯರ್ ಪರೀಕ್ಷೆಗೆ ಹೋದವರು ಕೆಲವೇ ನಿಮಿಷಗಳಲ್ಲಿ ಹೊರಗೆ ಬರುತ್ತಾರೆ. ಅವಳು ನಾಳೆ ಬೆಳಗ್ಗೆ ಮತ್ತೆ ಅಲ್ಲಿಗೇ ಹೋಗಬೇಕು.

ನಡುವಿನ ಹೊತ್ತು ಕೂಡ ವಿರಾಮವಲ್ಲ. ಮಾತು ಮುಗಿದ ಮೇಲೂ ಮೆದುಳು ಅದನ್ನೇ ಮೆಲುಕು ಹಾಕುತ್ತಿರುತ್ತದೆ. ಪಂಪ್‌ವೆಲ್ ದಾಟುವಾಗ "ನಾನು ಹೀಗೆ ಹೇಳಬೇಕಿತ್ತು" ಎಂಬ ಯೋಚನೆ. ತೊಕ್ಕೊಟ್ಟಿಗೋ ಬಿ.ಸಿ. ರೋಡಿಗೋ ಬಸ್ಸು ಮುಟ್ಟುವಾಗ "ನಾಳೆ ಎಂತ ಹೇಳ್ತಾರೋ" ಎಂಬ ಅಂಜಿಕೆ. ನಿಜವಾದ ಘಟನೆಗೆ ಮಾತ್ರವಲ್ಲ, ಅದರ ನೆನಪಿಗೂ ಮೈ ಸ್ಪಂದಿಸುತ್ತದೆ. ನೆನಪಾದಾಗಲೂ ಎದೆ ಹೊಡೆದುಕೊಳ್ಳುತ್ತದೆ. ಮನೆಗೆ ಬಂದಾಗ ಅಮ್ಮ ಕೇಳುತ್ತಾರೆ, "ಎಂತ ಆಯ್ತು ಮಗಾ, ಮುಖ ಯಾಕೆ ಹೀಗೆ?" "ಎಂತ ಇಲ್ಲಮ್ಮ, ತಲೆನೋವು." ತಲೆನೋವು ಸುಳ್ಳಲ್ಲ.

ಬೀಜ ಮೊದಲೋ ಮರ ಮೊದಲೋ

ಕಿರುಕುಳದಿಂದ ಸ್ಟ್ರೆಸ್ ಬರುತ್ತದೆ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. ಅದೇ ಜನರನ್ನು ಒಂದೆರಡು ವರ್ಷ ಬಿಟ್ಟು ಮತ್ತೆ ಮಾತಾಡಿಸಿದ ಅಧ್ಯಯನಗಳಲ್ಲಿ ಎರಡೂ ದಿಕ್ಕು ಕಾಣಿಸಿತು. ಕಿರುಕುಳಕ್ಕೆ ಒಳಗಾದವರಲ್ಲಿ ಆಮೇಲೆ ಆತಂಕ, ಖಿನ್ನತೆ ಜಾಸ್ತಿ. ಮೊದಲೇ ಆತಂಕ, ಖಿನ್ನತೆ ಇದ್ದವರು ಆಮೇಲೆ ಕಿರುಕುಳಕ್ಕೆ ಸಿಗುವುದೂ ಜಾಸ್ತಿ.

ಎರಡನೆಯದು ಹೇಗೆ? ನಿದ್ದೆ ಇಲ್ಲದ ಮನುಷ್ಯನಿಗೆ ಲೆಕ್ಕ ತಪ್ಪುತ್ತದೆ. ತಪ್ಪಿದರೆ ಬೈಗುಳಕ್ಕೆ ಒಂದು ಕಾರಣ ಸಿಕ್ಕಿತು. ಬೈಗುಳ ತಿಂದವರು ಮುದುಡಿಕೊಳ್ಳುತ್ತಾರೆ, ಚಾಕ್ಕೆ ಒಟ್ಟಿಗೆ ಹೋಗುವುದಿಲ್ಲ. ಆಗ "ಅವರು ಯಾರೊಟ್ಟಿಗೂ ಸೇರುವುದಿಲ್ಲ" ಎಂಬ ಹೆಸರು ಬರುತ್ತದೆ. ಒಂಟಿಯಾದವರ ಪರ ಮಾತಾಡುವವರು ಇನ್ನೂ ಕಡಿಮೆ. ಹೊರಗಿನಿಂದ ನೋಡಿದವರಿಗೆ ಕೊನೆಯ ಭಾಗ ಮಾತ್ರ ಕಾಣುತ್ತದೆ. "ಅವಳ ಕೆಲಸವೇ ಸರಿ ಇಲ್ಲ" ಎಂದುಬಿಡುತ್ತಾರೆ. ಆರು ತಿಂಗಳ ಹಿಂದೆ ಅವಳ ಕೆಲಸ ಹೇಗಿತ್ತು ಎಂದು ಕೇಳಿದರೆ ಚಿತ್ರ ಬೇರೆ ಇರುತ್ತದೆ.

ಆಫೀಸಿನ ಸ್ಟ್ರೆಸ್ ಕೂಡ ಕಿರುಕುಳವನ್ನು ಹುಟ್ಟಿಸುತ್ತದೆ. ಯಾರ ಕೆಲಸ ಯಾವುದು ಎಂದು ಸ್ಪಷ್ಟ ಇಲ್ಲದ ಕಡೆ, ಮುಟ್ಟಲಾಗದ ಟಾರ್ಗೆಟ್ ಇರುವ ಕಡೆ, ವಿಲೀನವೋ ಮರುಜೋಡಣೆಯೋ ನಡೆದು ಯಾರ ಕುರ್ಚಿ ಉಳಿಯುತ್ತದೆ ಎಂದು ಗೊತ್ತಿಲ್ಲದ ಕಡೆ ಕಿರುಕುಳ ಜಾಸ್ತಿ. ಮೇಲಿನಿಂದ ಬೈಸಿಕೊಂಡವರು ಕೆಳಗೆ ಬೈಯುತ್ತಾರೆ. ಇದು ಬೈದವರಿಗೆ ಮಾಫಿ ಕೊಡಲು ಹೇಳುವ ಮಾತಲ್ಲ. ಒಬ್ಬ ಮ್ಯಾನೇಜರನ್ನು ಬದಲಾಯಿಸಿದರೂ ಕೆಲವು ಶಾಖೆಗಳಲ್ಲಿ ಯಾಕೆ ಏನೂ ಬದಲಾಗುವುದಿಲ್ಲ ಎಂಬುದಕ್ಕೆ ಇದು ಕಾರಣ. ಪಕ್ಕದಲ್ಲಿ ಕೂತು ದಿನಾ ನೋಡುವವರಿಗೂ ಸ್ಟ್ರೆಸ್ ಏರುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ನಾಳೆ ನನ್ನ ಸರದಿ ಎಂಬ ಭಯ ಅವರದು.

ದೀರ್ಘಕಾಲದ ಪರಿಣಾಮ ಹೃದಯದವರೆಗೂ ಹೋಗಬಹುದು. ಸ್ವೀಡನ್, ಡೆನ್ಮಾರ್ಕ್‌ಗಳ ಸುಮಾರು 79 ಸಾವಿರ ನೌಕರರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಕಿರುಕುಳ ಅನುಭವಿಸಿದ್ದೇವೆ ಎಂದವರಲ್ಲಿ ಹೃದಯ ಮತ್ತು ಮೆದುಳಿನ ರಕ್ತನಾಳಗಳ ಕಾಯಿಲೆಯ ಸಾಧ್ಯತೆ 59 ಶೇಕಡಾ ಹೆಚ್ಚು ಕಂಡಿತು. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆ, ಒಬ್ಬೊಬ್ಬರ ಕಾಯಿಲೆಗೂ ಇದೇ ಕಾರಣ ಎಂದು ಹೇಳುವುದಿಲ್ಲ.

ಸುಮ್ಮನಿರುವುದು ಯಾಕೆ

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2022ರಲ್ಲಿ ಒಂದು ಜಾಗತಿಕ ಸಮೀಕ್ಷೆ ಹೊರತಂದಿತು. ದುಡಿಯುವ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಜೀವನದಲ್ಲಿ ಒಮ್ಮೆಯಾದರೂ ಕೆಲಸದಲ್ಲಿ ಯಾವುದಾದರೊಂದು ಬಗೆಯ ಹಿಂಸೆ, ಕಿರುಕುಳ ಕಂಡಿದ್ದರು. ಅವರಲ್ಲಿ ಅದನ್ನು ಯಾರಿಗಾದರೂ ಹೇಳಿಕೊಂಡವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಹೇಳದಿರಲು ಕೊಟ್ಟ ಮುಖ್ಯ ಕಾರಣ ಎರಡು: ಹೇಳಿ ಪ್ರಯೋಜನವಿಲ್ಲ, ಹೇಳಿದರೆ ಮರ್ಯಾದೆ ಹೋಗುತ್ತದೆ.

ನಮ್ಮ ಕಡೆ ಇದಕ್ಕೆ ಇನ್ನೂ ಒಂದೆರಡು ಸೇರುತ್ತವೆ. ಓದಿದ ಮಕ್ಕಳು ಬೆಂಗಳೂರಿಗೋ ಗಲ್ಫಿಗೋ ಹೋಗುವ ಜಿಲ್ಲೆ ಇದು. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದು, ಊರಲ್ಲೇ ಒಂದು ಕೆಲಸ ಸಿಕ್ಕಿದರೆ ಅದು ಭಾಗ್ಯ. ಬಿಟ್ಟರೆ ಅದೇ ಸಂಬಳದ ಇನ್ನೊಂದು ಕೆಲಸ ಮಣಿಪಾಲದಲ್ಲೋ ಬಿಜೈಯಲ್ಲೋ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಊರು ಸಣ್ಣದು. ಬಾಸ್ ನಿಮ್ಮ ಸೋದರಮಾವನ ಗೆಳೆಯ ಆಗಿರಬಹುದು, ಮುಂದಿನ ಕಂಪನಿಯವರಿಗೆ ಪರಿಚಯದವರೂ ಇರಬಹುದು. ಹಾಗಾಗಿ ಸಹಿಸಿಕೊಂಡು ಇರುತ್ತಾರೆ. ಇವರನ್ನು ಹೇಡಿಗಳು ಎನ್ನುವುದು ಅನ್ಯಾಯ. ಅವರ ಲೆಕ್ಕಾಚಾರಕ್ಕೆ ಅರ್ಥ ಇದೆ, ಅದಕ್ಕೆ ತೆರುವ ಬೆಲೆ ದೊಡ್ಡದು ಅಷ್ಟೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಸ್ವೀಡನ್ 1993ರಲ್ಲೇ ಕೆಲಸದ ಜಾಗದ ಕಿರುಕುಳದ ವಿರುದ್ಧ ಪ್ರತ್ಯೇಕ ನಿಯಮ ತಂದಿತು. ಭಾರತದಲ್ಲಿ ಇದಕ್ಕೆಂದೇ ಒಂದು ಕಾನೂನು ಇಲ್ಲ.

ಆದರೂ ಕೆಲವು ಬಾಗಿಲು ಇವೆ. ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಆಫೀಸಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು. ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿಯ ಕಾರಣಕ್ಕೆ ನಾಲ್ಕು ಜನರೆದುರು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಬೆದರಿಕೆ, ಹೊಡೆತಕ್ಕೆ ಪೊಲೀಸ್ ಠಾಣೆ ಇದೆ. ಇವು ಯಾವುದಕ್ಕೂ ಸೇರದ ದಿನನಿತ್ಯದ ಹಿಂಡುವಿಕೆಗೆ, ಅದರಲ್ಲೂ ಗಂಡಸರಿಗೆ, ಮುಖ್ಯವಾಗಿ ಉಳಿಯುವುದು ಕಂಪನಿಯ ಸ್ವಂತ ನಿಯಮ, ಅಹವಾಲು ಸಮಿತಿ, ನೌಕರರ ಸಂಘ. ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಕೈಪಿಡಿಯನ್ನು ಹೆಚ್ಚಿನವರು ತೆರೆದು ನೋಡಿರುವುದಿಲ್ಲ. ಅದರಲ್ಲಿ ನಡತೆಯ ನಿಯಮ ಎಂಬ ಭಾಗ ಇದ್ದರೆ ದೂರು ಅದರ ಮಾತುಗಳಲ್ಲೇ ಇರಲಿ.

ಆಗುತ್ತಿದ್ದರೆ ಏನು ಮಾಡುವುದು

ಮೊದಲ ಕೆಲಸ ಬರೆದಿಡುವುದು. ತಾರೀಖು, ಹೊತ್ತು, ಯಾರು ಏನು ಹೇಳಿದರು, ಅವರ ಮಾತಿನಲ್ಲೇ. ಆಗ ಯಾರೆಲ್ಲ ಇದ್ದರು. ನಿಮ್ಮ ಕೆಲಸಕ್ಕೆ ಅದರಿಂದ ಏನಾಯಿತು. "ತುಂಬ ಹಿಂಸೆ ಕೊಟ್ಟರು" ಎಂದು ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ಸಂಜೆ 5.10ಕ್ಕೆ ಫೈಲು ಕೊಟ್ಟರು, 6ಕ್ಕೆ ಮುಗಿಸಲು ಹೇಳಿದರು, ಅದರ ಮಾಹಿತಿ ಇದ್ದ ಮೇಲ್ ನನಗೆ ಬಂದಿರಲಿಲ್ಲ" ಎಂದರೆ ಗೊತ್ತಾಗುತ್ತದೆ. ಬಾಯಿಮಾತಿನ ಆದೇಶಗಳನ್ನು "ನೀವು ಹೇಳಿದಂತೆ ಇಂತಿಂಥದ್ದು ಮಾಡುತ್ತಿದ್ದೇನೆ" ಎಂದು ಒಂದು ಸಾಲಿನ ಮೇಲ್ ಮಾಡಿಬಿಡಿ. ಗ್ರೂಪಿನ ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಗ್ರಾಹಕರ ಮಾಹಿತಿ, ಕಂಪನಿಯ ಗುಟ್ಟಿನ ಕಾಗದಗಳನ್ನು ಮಾತ್ರ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಅದನ್ನೇ ನಿಮ್ಮ ಮೇಲೆ ತಿರುಗಿಸುತ್ತಾರೆ.

ಎಚ್‌ಆರ್‌ಗೆ ಹೋಗುವ ಮೊದಲು ಆಫೀಸಿನಲ್ಲಿ ನಂಬುವ ಒಬ್ಬರಿಗಾದರೂ ಹೇಳಿ. ಒಬ್ಬ ಸಹೋದ್ಯೋಗಿ ಗ್ರೂಪಿನಲ್ಲಿ "ಸರ್, ಆ ಮೇಲ್‌ನಲ್ಲಿ ಅವರ ಹೆಸರು ಇರಲಿಲ್ಲ" ಎಂದು ಒಂದು ಸಾಲು ಹಾಕಿದರೂ ದೊಡ್ಡ ವ್ಯತ್ಯಾಸ ಆಗುತ್ತದೆ. ನೀವು ಆ ಸಹೋದ್ಯೋಗಿಯ ಜಾಗದಲ್ಲಿದ್ದು ಬಹಿರಂಗವಾಗಿ ಹೇಳಲು ಆಗದಿದ್ದರೆ, ಊಟಕ್ಕೆ ಅವರನ್ನು ಜೊತೆಗೆ ಕರೆಯಿರಿ.

ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟರೆ, ಆಫೀಸು ನೆನೆದರೆ ಹೊಟ್ಟೆ ತೊಳಸಿದಂತಾದರೆ, ಬದುಕು ಬೇಡ ಎಂಬ ಯೋಚನೆ ಒಂದು ಸಲ ಬಂದರೂ, ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಸಿಗುತ್ತದೆ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಂಗಳೂರಿನಲ್ಲಿ ವೆನ್‌ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಇದೆ. ಮನೋವೈದ್ಯರ ಹತ್ತಿರ ಹೋಗಲು ಹಿಂಜರಿಕೆಯಾದರೆ ಮನೆಯ ಹತ್ತಿರದ ಡಾಕ್ಟರಲ್ಲಿಗೇ ಹೋಗಿ, ಬಿಪಿ ನೋಡಿಸಿ, ಆಫೀಸಿನ ವಿಷಯವನ್ನೂ ಬಾಯಿಬಿಟ್ಟು ಹೇಳಿ. ಬರೀ ತಲೆನೋವು ಎಂದರೆ ತಲೆನೋವಿನ ಮಾತ್ರೆಯಷ್ಟೇ ಸಿಗುತ್ತದೆ. ಡಾಕ್ಟರು ಬರೆದ ಚೀಟಿಯನ್ನು ಜೋಪಾನವಾಗಿ ಇಡಿ. ಅದರಲ್ಲಿ ತಾರೀಖು ಇರುತ್ತದೆ, ಮುಂದೆ ದೂರು ಕೊಡುವ ಸಂದರ್ಭ ಬಂದರೆ ನೀವು ಬರೆದಿಟ್ಟ ಪುಟಗಳ ಜೊತೆ ಅದೂ ಒಂದು ದಾಖಲೆ.